ಪಕ್ಕದ ಬೋರ್ಡಿನ ಕುದುರೆ

ಮಲಾಡ್ ಪಶ್ಚಿಮ
9 ಜನವರಿ 2024

ನೀಲಾ,

ಈ ಕಾಗದವನ್ನು ಯಾರ ಕೈಯಲ್ಲಾದರೂ ಓದಿಸಿಕೋ. ನಿನ್ನ ಗಂಡ ಗುರಲಿಂಗಪ್ಪನಿಗೆ ಓದಲು ಬರುತ್ತದೆಂದು ನನ್ನ ಅಂದಾಜು.

ಹತ್ತು ದಿನದಿಂದ ಫೋನ್ ಮಾಡುತ್ತಿದ್ದೇನೆ. ರಿಂಗಾಗುತ್ತದೆ, ನೀನು ಎತ್ತುವುದಿಲ್ಲ. ಮನೆಯ ಕೀಲಿಕೈಯನ್ನು ವಾಚ್‌ಮನ್ ಕೈಯಲ್ಲಿ ಕೊಟ್ಟು ಹೋಗಿದ್ದೀಯ. ಆರು ವರ್ಷ ದಿನಾ ಬೆಳಗ್ಗೆ ಎಂಟಕ್ಕೆ ಬಾಗಿಲು ತೆಗೆದು ಒಳಗೆ ಬರುತ್ತಿದ್ದವಳು ಒಂದು ಮಾತೂ ಹೇಳದೆ ಕೆಲಸ ಬಿಡುವುದೆಂದರೆ ಎಂಥದು ಮಾರಾಯ್ತಿ? ಮಗ ಸುಹಾಸ, "ಬೇರೆ ಯಾರನ್ನಾದ್ರೂ ನೋಡಮ್ಮ, ಸೊಸೈಟಿಯಲ್ಲಿ ಕೆಲಸಕ್ಕೆ ಜನ ಇಲ್ವಾ?" ಎನ್ನುತ್ತಾನೆ. ಮೊಮ್ಮಗಳು ಶ್ರೇಯಾ ಮಾತ್ರ ಶಾಲೆಯಿಂದ ಬಂದ ಕೂಡಲೇ ಕೇಳುತ್ತಾಳೆ, "ಅಜ್ಜೀ, ನೀಲಾ ಆಂಟಿ ಕಬ್ ಆಯೇಗಿ?"

ಜನವರಿ ಇಪ್ಪತ್ತಾರರ ಜೋಡಿ ಚೆಸ್ ಪಂದ್ಯದ ವಿಷಯಕ್ಕೆ ನೀನು ಬೇಸರ ಮಾಡಿಕೊಂಡಿರಬೇಕು. ಸೆಕ್ರೆಟರಿ ಶೇಖರ ಹೇಳಿದ್ದನ್ನು ನಾನು ನಿನಗೆ ಅವತ್ತೇ ತಿಳಿಸಿದ್ದೆನಲ್ಲ: ಸೊಸೈಟಿಯಲ್ಲಿ ಫ್ಲ್ಯಾಟ್ ಇರುವವರು ಮಾತ್ರ ಆಡಬೇಕಂತೆ. ಕಮಿಟಿಯ ನಿಯಮಕ್ಕೆ ನಾನೇನು ಮಾಡಲಿ? ಬಿ ವಿಂಗಿನ ಹರಿಣಿಯನ್ನು ನನಗೆ ಜೊತೆ ಹಾಕಿದ್ದಾರೆ. ಬ್ಯಾಂಕಿನ ಕೆಲಸದವಳು, ಒಳ್ಳೆಯವಳು. ಆದರೆ ಆಟಕ್ಕೆ ಕುಳಿತರೆ ನನ್ನ ಕಡೆ ತಿರುಗಿ ನೋಡುವುದಿಲ್ಲ.

ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಶ್ರೇಯಾ ನಮ್ಮಿಬ್ಬರನ್ನೂ ಈ ಆಟಕ್ಕೆ ಎಳೆದು ಕೂರಿಸಿದ್ದು ನೆನಪಾಗುತ್ತದೆ. "ದೋ ಬೋರ್ಡ್, ಚಾರ್ ಲೋಗ್. ನಾವು ಹೊಡೆದ ಕಾಯಿ ನಮ್ಗಲ್ಲ, ಪಕ್ಕದಲ್ಲಿ ಕೂತ ಪಾರ್ಟ್ನರ್‌ಗೆ. ಅವ್ಳು ತನ್ನ ಬೋರ್ಡಲ್ಲಿ ಎಲ್ಲಿ ಖಾಲಿ ಮನೆ ಇದೆ, ಅಲ್ಲಿ ಇಡ್ಬಹುದು. ಬಸ್, ಅದೇ ಅವ್ಳ ಚಾಲ್" ಎಂದಿದ್ದಳು. ಸತ್ತ ಕಾಯಿ ಎದ್ದು ಬೇರೆಯವರ ಮನೆಗೆ ಬರುವುದೆಂದರೆ ಎಂಥ ಆಟ ಎಂದು ನಾನು ನಕ್ಕಿದ್ದೆ. ನೀನು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಬೋರ್ಡಿನ ಮುಂದೆ ಕುಳಿತಿದ್ದೆ.

ಒಂದು ಸಂಶಯ ಕೇಳುತ್ತೇನೆ. ನಿನ್ನೆ ಅಭ್ಯಾಸದಲ್ಲಿ ನನ್ನ ಎದುರಾಳಿಯ ರಾಜ ಮೂಲೆಯಲ್ಲಿದ್ದ. ಅವನಿಗೆ ಒತ್ತಿಕೊಂಡು ಪಕ್ಕದಲ್ಲಿ ಅವನದೇ ಆನೆ. ಇಬ್ಬರ ಮುಂದೆಯೂ ಒಂದೊಂದು ಪ್ಯಾದೆ. ಆ ಪ್ಯಾದೆಗಳ ಸಾಲಿನಲ್ಲೇ ಆಚೆಯ ಪ್ಯಾದೆ ಹೋಗಿ ಆ ಮನೆ ಖಾಲಿ. ಅವನ ಉಳಿದ ಕಾಯಿಗಳೆಲ್ಲ ನನ್ನ ಕಡೆ ನುಗ್ಗಿ ಬಂದಿದ್ದವು. ನನ್ನ ಕೈಯಲ್ಲಿ ಒಂದು ಒಂಟೆ, ಎರಡು ಪ್ಯಾದೆ. ಹರಿಣಿ "ಏನು ಬೇಕು?" ಎಂದಳು. ನಾನು ರಾಣಿ ಎಂದೆ. ಪಾಪ, ಏನೇನೋ ಕಳೆದುಕೊಂಡು ರಾಣಿಯನ್ನು ಹೊಡೆದು ಕೊಟ್ಟಳು. ಅಷ್ಟಾದ ಮೇಲೆ ನೋಡಿದರೆ ಅದನ್ನು ಇಡಲು ನನಗೆ ಮನೆಯೇ ಇಲ್ಲ! ಹತ್ತಿರ ಇಟ್ಟರೆ ಪ್ಯಾದೆ ಹೊಡೆಯುತ್ತದೆ, ದೂರ ಇಟ್ಟರೆ ಪ್ರಯೋಜನವಿಲ್ಲ. ಇಬ್ಬರೂ ಸೋತೆವು. ನೀನಾಗಿದ್ದರೆ ಏನು ಮಾಡುತ್ತಿದ್ದೆ?

ಬೇಗ ಬಾ.

ಶೀಲಾವತಿ


ಕಾಂದಿವಲಿ ಪೂರ್ವ
17 ಜನವರಿ 2024

ಶ್ರೀಮತಿ ಶೀಲಾವತಿ ಅಕ್ಕನವರಿಗೆ ನೀಲಾಬಾಯಿ ಮಾಡುವ ನಮಸ್ಕಾರ.

ನಿಮ್ಮ ಕಾಗದ ಮುಟ್ಟಿತು. ಮಲಾಡಿನಿಂದ ಕಾಂದಿವಲಿಗೆ ಒಂದೇ ಸ್ಟೇಷನ್. ಕಾಗದಕ್ಕೆ ಆರು ದಿನ ಬೇಕಾಯಿತು.

ಯಾರೂ ಓದಿ ಹೇಳಲಿಲ್ಲ, ನಾನೇ ಓದಿದೆ. ನಾನು ಇಂಡಿ ತಾಲೂಕಿನ ಸರಕಾರಿ ಶಾಲೆಯಲ್ಲಿ ಏಳನೇ ಇಯತ್ತೆ ಪಾಸಾದವಳು. ಓದಲು ಬಾರದವರು ನಮ್ಮ ಮನೆಯವರು. ಅವರಿಗೆ ಬಂದ ಕಾಗದಗಳನ್ನೂ ನಾನೇ ಓದಿ ಹೇಳುತ್ತೇನೆ. ನಿಮ್ಮ ಮನೆಗೆ ಬರುವ ಕನ್ನಡ ಪೇಪರನ್ನು ಆರು ವರ್ಷ ಮಧ್ಯಾಹ್ನದ ಹೊತ್ತು ಪೂರ್ತಿ ಓದಿದ್ದೇನೆ. ಆಗ ನೀವು ಮಲಗಿರುತ್ತಿದ್ದಿರಿ. ಡಬ್ಬಿಗಳಿಗೆ ಚೀಟಿ ಅಂಟಿಸಿ, ಇದು ಧನಿಯಾ, ಇದು ಮೆಂತ್ಯ ಎಂದು ನೀವು ಒಂದೊಂದಕ್ಕೂ ಬೆರಳಿಟ್ಟು ತೋರಿಸಿದಿರಲ್ಲ, ಅವತ್ತು ಹೇಳಬೇಕೆಂದಿದ್ದೆ. ನೀವು ಅಷ್ಟು ಕಷ್ಟಪಟ್ಟು ತೋರಿಸುತ್ತಿರುವಾಗ ಹೇಳಲು ಸಂಕೋಚವಾಯಿತು. ಆಮೇಲೆ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಫೋನು ಬೇಡ ಅಕ್ಕಾರ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನ್ನ ಬಾಯಿಗೆ ತಾನಾಗಿ "ಹೂಂ ರೀ" ಬಂದುಬಿಡುತ್ತದೆ. ಆರು ವರ್ಷದ ರೂಢಿ. ಬರೆಯುವಾಗ ಹಾಗಾಗುವುದಿಲ್ಲ.

ಕೆಲಸಕ್ಕೆ ನಾನು ಬರುವುದಿಲ್ಲ. ಕಾರಣ ಈಗ ಬೇಡ.

ನೀವು ಕೇಳಿದ ಆಟದ ಮಾತು. ಅಲ್ಲಿ ರಾಣಿಯನ್ನು ಕೇಳಿದ್ದೇ ತಪ್ಪು. ಆ ರಾಜನನ್ನು ಅವನ ಮಂದಿಯೇ ಒತ್ತಿ ಕೂರಿಸಿದ್ದಾರೆ, ಅಲ್ಲಾಡಲು ಜಾಗವಿಲ್ಲ. ಖಾಲಿ ಇದೆ ಎಂದು ಬರೆದಿರಲ್ಲ ಆ ಮನೆ, ಮೂಲೆಯಿಂದ ಎರಡು ಮನೆ ಪಕ್ಕಕ್ಕೆ, ಒಂದು ಮನೆ ಮುಂದಕ್ಕೆ, ಅಲ್ಲಿ ಕುದುರೆ ಇಟ್ಟರೆ ಆಟ ಮುಗಿಯಿತು. ದೂರದಿಂದ ಆನೆಯೋ ಒಂಟೆಯೋ ಶಹ ಕೊಟ್ಟರೆ ಅವರು ಕೈಯಲ್ಲಿದ್ದ ಕಾಯಿಯನ್ನು ನಡುವೆ ಇಟ್ಟು ತಪ್ಪಿಸಿಕೊಳ್ಳುತ್ತಾರೆ. ಕುದುರೆ ಹಾರಿ ಹೊಡೆಯುತ್ತದೆ, ಅದಕ್ಕೆ ಅಡ್ಡ ಇಡಲಾಗುವುದಿಲ್ಲ. ಅದನ್ನು ಹೊಡೆಯುವ ಕಾಯಿಯೂ ನೀವು ಬರೆದದ್ದರಲ್ಲಿ ಇಲ್ಲ.

ಇನ್ನೊಂದು. ರಾಣಿ ಕೇಳಿದರೆ ಪಕ್ಕದವರು ತಮ್ಮ ಆಟ ಕೆಡಿಸಿಕೊಂಡು ತರಬೇಕು. ಕುದುರೆಯಾದರೆ ಕುದುರೆ ಕೊಟ್ಟು ಕುದುರೆ ತರುತ್ತಾರೆ. ಕೇಳುವ ಮೊದಲು ಅವರ ಬೋರ್ಡನ್ನೂ ಒಮ್ಮೆ ನೋಡಿರಿ.

ಶ್ರೇಯಾಳಿಗೆ ನಾನು ಕೇಳಿದೆನೆಂದು ಹೇಳಿರಿ.

ಇತಿ
ನೀಲಾಬಾಯಿ


ಮಲಾಡ್ ಪಶ್ಚಿಮ
30 ಜನವರಿ 2024

ಪ್ರೀತಿಯ ನೀಲಾ,

ನಿನ್ನ ಅಕ್ಷರ ನನ್ನದಕ್ಕಿಂತ ಚೆಂದ. ಅದನ್ನು ನೋಡಿದ ಮೇಲೆ ಮಸಾಲೆ ಡಬ್ಬಿಗಳ ಮೇಲಿನ ಚೀಟಿಗಳನ್ನು ಕಿತ್ತು ಹಾಕಿದೆ. ಈಗ ಯಾವುದರಲ್ಲಿ ಏನಿದೆಯೆಂದು ನನಗೇ ತಿಳಿಯುವುದಿಲ್ಲ, ಅದು ಬೇರೆ ಮಾತು.

ಪಂದ್ಯ ಮುಗಿಯಿತು. ಮೊದಲ ಸುತ್ತಿನಲ್ಲೇ ನೀನು ಹೇಳಿದಂಥದೇ ಸಂದರ್ಭ ಬಂತು ಎಂದರೆ ನಂಬುತ್ತೀಯಾ? ಮೂಲೆಯ ರಾಜ, ಪಕ್ಕದಲ್ಲಿ ಆನೆ. "ಹರಿಣೀ, ಒಂದು ಕುದುರೆ ಉಂಟಾ?" ಎಂದೆ. ಕುದುರೆಗೆ ಕುದುರೆ ಬದಲಾಯಿಸಿ ಕೊಟ್ಟಳು. ಇಟ್ಟೆ. ಮುಗಿಯಿತು. ಕ್ಲಬ್ ಹೌಸಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಶೇಖರ ಮೈಕಿನಲ್ಲೇ, "ಕ್ಯಾ ದಿಮಾಗ್ ಹೈ ಆಂಟಿ ಕಾ! ಏನು ತಲೆ!" ಎಂದ.

ಎರಡನೇ ಸುತ್ತಿನಲ್ಲಿ ಸೋತೆವು. ಹರಿಣಿ ತನ್ನ ಬೋರ್ಡನ್ನು ಗೆದ್ದೇಬಿಡುವ ಹುರುಪಿನಲ್ಲಿದ್ದಳು. ಕುದುರೆ ಕಳೆಯಬೇಡ ಎಂದು ಮೂರು ಸಲ ಹೇಳಿದೆ. "ಅರೆ ಆಂಟಿ, ಇದಕ್ಕೆ ಪ್ರತಿಯಾಗಿ ಆನೆ ಸಿಗ್ತದೆ" ಎಂದು ಕೊಟ್ಟೇಬಿಟ್ಟಳು. ಅವಳು ಕಳೆದ ಕುದುರೆ ನನ್ನೆದುರು ಕುಳಿತವನ ಕೈಗೆ ಬಂತು, ಅವನು ಅದನ್ನು ನೇರ ನನ್ನ ರಾಜನ ಪಕ್ಕ ತಂದಿಟ್ಟ. ಆನೆ ನನ್ನ ಕೈಯಲ್ಲೇ ಉಳಿಯಿತು. ನೀನಿದ್ದರೆ ಹೀಗಾಗುತ್ತಿರಲಿಲ್ಲ. ನನಗೇನು ಅಪಾಯವಿದೆಯೆಂದು ನನಗಿಂತ ಮೊದಲು ನಿನಗೆ ಕಾಣುತ್ತಿತ್ತು.

ಪಂದ್ಯವೇ ಮುಗಿಯಿತಲ್ಲ, ಇನ್ನು ಬೇಸರವೇಕೆ? ಕಮಿಟಿಯವರು ಬೇಡವೆಂದದ್ದಕ್ಕೆ ನನ್ನ ಮೇಲೆ ಸಿಟ್ಟು ಮಾಡಿಕೊಂಡರೆ ಹೇಗೆ? ಬಾ. ಪೇಪರನ್ನು ಬೇಕಾದರೆ ಬೆಳಗ್ಗೆಯೇ ಓದು.

ಶೀಲಾವತಿ


ಕಾಂದಿವಲಿ ಪೂರ್ವ
14 ಫೆಬ್ರವರಿ 2024

ಶೀಲಾವತಿ ಅಕ್ಕನವರಿಗೆ ನಮಸ್ಕಾರ.

ಕಾರಣ ಬೇಡವೆಂದು ಬರೆದಿದ್ದೆ. ನೀವು ಎರಡು ಸಲ ಕಮಿಟಿ, ಕಮಿಟಿ ಎಂದು ಬರೆದಿರಿ. ಆದ್ದರಿಂದ ಬರೆಯುತ್ತೇನೆ.

ಅವತ್ತು ಡಿಸೆಂಬರ್ ಇಪ್ಪತ್ತೊಂಬತ್ತು, ಶುಕ್ರವಾರ. ಶೇಖರ ಸಾಹೇಬರು ಹಾಲಿನಲ್ಲಿ ಕುಳಿತಿದ್ದರು. ನಾನು ಒಳಗೆ ಚಪಾತಿ ಲಟ್ಟಿಸುತ್ತಿದ್ದೆ. ನಿಮ್ಮ ಅಡುಗೆಮನೆಗೆ ಬಾಗಿಲಿಲ್ಲ, ಪರದೆ ಮಾತ್ರ ಇದೆ. ನಾನು ಕಿವಿಗೊಟ್ಟು ನಿಂತಿರಲಿಲ್ಲ. ಕೇಳಿಸಿತು.

ಅವರು ಹೇಳಿದರು: "ಆಂಟಿ, ನಿಮ್ಮ ನೀಲಾ ಜಬರ್ದಸ್ತ್ ಆಡ್ತಾಳಂತೆ, ಮಕ್ಕಳು ಹೇಳ್ತಿದ್ರು. ರೂಲ್ ಇದೆ, ಆದ್ರೂ ಸ್ಪೆಷಲ್ ಕೇಸ್ ಅಂತ ಸೇರಿಸಿಕೊಳ್ಳೋಣವಾ? ನಿಮ್ಮ ಜೋಡಿಯೇ ಇರಲಿ."

ನೀವು ಹೇಳಿದಿರಿ: "ಅವಳಾ? ಛೆ ಛೆ. ನಾಲ್ಕನೆಯವರು ಸಿಗದಿದ್ದಾಗ ಕೂರಿಸಿಕೊಳ್ತೇವೆ ಅಷ್ಟೆ. ಅವಳಿಗೆಂಥ ಗೊತ್ತುಂಟು ಆಟ? ನಾನು ಹೇಳಿದಲ್ಲಿ ಇಡ್ತಾಳೆ."

ಅವರು "ಹಾಗಾದ್ರೆ ಬಿಡಿ" ಅಂದರು.

ಅವತ್ತು ಎರಡು ಚಪಾತಿ ಸುಟ್ಟವು. ನೀವು ಒಳಗೆ ಬಂದು "ಎಂಥ ವಾಸನೆ?" ಅಂದಿರಿ. ಆಮೇಲೆ ಕಮಿಟಿ ಒಪ್ಪಲಿಲ್ಲವೆಂದು ಹೇಳಿದಿರಿ. ನಾನು "ಹೂಂ ರೀ" ಅಂದೆ.

ಕಮಿಟಿ ನನ್ನನ್ನು ಬೇಡವೆಂದಿದ್ದರೆ ಮರುದಿನವೂ ಬರುತ್ತಿದ್ದೆ ಅಕ್ಕಾರ. ನಾಲ್ಕು ಮನೆಯಲ್ಲಿ ಕೆಲಸ ಮಾಡಿದವಳಿಗೆ ಅದು ಹೊಸದಲ್ಲ. ನೀವೂ ನಾನೂ ಎರಡು ವರ್ಷ ಪಕ್ಕಪಕ್ಕದಲ್ಲಿ ಕುಳಿತೆವು. ಯಾರು ಹೇಳಿದಲ್ಲಿ ಯಾರು ಇಡುತ್ತಿದ್ದರು ಎಂಬುದು ನಿಮಗೆ ಗೊತ್ತಿದೆ. ಆ ಮಾತು ಹೇಳುವಾಗ ನಿಮ್ಮ ದನಿಯಲ್ಲಿ ಏನೂ ಅಳುಕು ಇರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ.

ಇದಕ್ಕೆ ಉತ್ತರ ಬರೆಯಬೇಕೆಂದಿಲ್ಲ.

ನೀಲಾಬಾಯಿ


ಮಲಾಡ್ ಪಶ್ಚಿಮ
21 ಏಪ್ರಿಲ್ 2024

ನೀಲಾಬಾಯಿಯವರಿಗೆ,

ನಿಮ್ಮ ಕಾಗದ ಬಂದು ಎರಡು ತಿಂಗಳಾಯಿತು. ಈ ನಡುವೆ ಮೂರು ಕಾಗದ ಬರೆದು ಹರಿದಿದ್ದೇನೆ. ಮೊದಲನೆಯದರಲ್ಲಿ, ನಾನು ಹಾಗೆ ಹೇಳಲೇ ಇಲ್ಲ ಎಂದು ಬರೆದಿದ್ದೆ. ಎರಡನೆಯದರಲ್ಲಿ, ತಮಾಷೆಗೆ ಹೇಳಿದ್ದು ಎಂದಿತ್ತು. ಮೂರನೆಯದರಲ್ಲಿ ನಿಮ್ಮ ಮೇಲೆಯೇ ತಪ್ಪು ಹೊರಿಸಿದ್ದೆ. ಆರು ವರ್ಷ ಓದಲು ಬರುವುದನ್ನು ಮುಚ್ಚಿಟ್ಟವರು ನೀವಲ್ಲವೇ ಎಂದು. ಅದನ್ನು ಲಕೋಟೆಗೆ ಹಾಕಿ ಅಂಟಿಸಿಯೂ ಆಗಿತ್ತು. ಪೋಸ್ಟ್ ಡಬ್ಬಿಯವರೆಗೆ ಹೋಗಿ ವಾಪಸು ತಂದೆ.

ಹೇಳಿದ್ದು ನಿಜ. ನೀವು ಬರೆದ ಅದೇ ಮಾತುಗಳು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ಯಾಕೆ ಹೇಳಿದೆನೆಂದು ನನ್ನನ್ನೇ ಕೇಳಿಕೊಂಡು ಬಹಳ ದಿನ ಕಳೆದೆ. ನಿಮಗೆ ನಮ್ಮ ಯಜಮಾನರ ಪರಿಚಯವಿರಲಿಲ್ಲ. ನೀವು ಕೆಲಸಕ್ಕೆ ಸೇರುವ ಮೊದಲೇ ಅವರು ಹೋಗಿದ್ದರು. ಬೈಕುಲ್ಲಾದ ಮಾರ್ಕೆಟ್ಟಿನ ಬಳಿ ನಮ್ಮ ಹೋಟೆಲ್ ಇತ್ತು. ಮೋನಪ್ಪಣ್ಣನ ಹೋಟೆಲ್ ಎಂದರೆ ತರಕಾರಿ ಹೊರುವವರಿಗೆಲ್ಲ ಗೊತ್ತು. ಬೆಳಗಿನ ಜಾವಕ್ಕೇ ಬರುವ ಆ ಹಮಾಲರಿಗೆ ನಮ್ಮ ಊರಿನ ಸಜ್ಜಿಗೆ-ಬಜಿಲ್ ಕೊಟ್ಟರೆ ಹೇಗೆ ಎಂದು ಯೋಚಿಸಿದವಳು ನಾನು. ಬರೀ ಉಪ್ಪಿಟ್ಟು ಅವರಿಗೆ ಸಾಲುವುದಿಲ್ಲ, ಅದರ ಮೇಲೆ ಖಾರದ ಅವಲಕ್ಕಿ ಕಲಸಿ ಹಾಕಿದರೆ ಮಧ್ಯಾಹ್ನದವರೆಗೆ ಹೊಟ್ಟೆ ಹಿಡಿಯುತ್ತದೆ ಎಂದು. ಒಂದೇ ತಿಂಗಳಿಗೆ ಬಾಗಿಲ ಹೊರಗೆ ಸಾಲು ನಿಂತಿತು. ಯಾರೋ ಪತ್ರಿಕೆಯವರು ಬರೆಯಲು ಬಂದರು. ಈ ಐಡಿಯಾ ಯಾರದು ಎಂದು ಕೇಳಿದರು. ನಾನು ಅಲ್ಲೇ ಗ್ರೈಂಡರಿನ ಹತ್ತಿರ ನಿಂತಿದ್ದೆ. ಯಜಮಾನರು ನನ್ನನ್ನು ನೋಡಿದರು. ಆಮೇಲೆ, "ನಂದೇ ಮಾರಾಯ್ರೇ, ಮತ್ತೆ ಯಾರದ್ದು?" ಎಂದರು. ಕೆಟ್ಟವರಲ್ಲ ಅವರು. ಆ ಮಾತು ಅವರ ಬಾಯಿಗೆ ಅಷ್ಟು ಸುಲಭವಾಗಿ ಬಂತು, ಅಷ್ಟೆ.

ಅರವತ್ತು ವರ್ಷದಲ್ಲಿ ನನ್ನ ಕೈರುಚಿಯನ್ನು ಜನ ಹೊಗಳಿದ್ದಾರೆ, ತಾಳ್ಮೆಯನ್ನು ಹೊಗಳಿದ್ದಾರೆ. ತಲೆ ಚೆನ್ನಾಗಿದೆ ಎಂದು ಯಾರೂ ಹೇಳಿರಲಿಲ್ಲ. ಈ ಆಟ ಶುರುವಾದ ಮೇಲೆ ಮಕ್ಕಳು, ಅವರ ಅಪ್ಪ-ಅಮ್ಮಂದಿರು, ಲಿಫ್ಟಿನಲ್ಲಿ ಸಿಕ್ಕವರು, "ಆಂಟಿ, ನಿಮ್ಮ ಜೋಡಿಯನ್ನು ಸೋಲಿಸೋರೇ ಇಲ್ವಂತೆ" ಎನ್ನತೊಡಗಿದರು. ಮೊದಮೊದಲು ನಾನು ನಿಮ್ಮ ಹೆಸರನ್ನೂ ಹೇಳುತ್ತಿದ್ದೆ. ಆಮೇಲೆ ಯಾವಾಗ ಬಿಟ್ಟೆನೋ ನೆನಪಿಲ್ಲ. ಶೇಖರ ಕೇಳಿದಾಗ ನನಗೆ ಹೆದರಿಕೆಯಾಯಿತು. ಎಲ್ಲರೆದುರು ನೀವು ನನ್ನ ಪಕ್ಕ ಕುಳಿತು, "ಅಕ್ಕಾರ, ಕಾಯಿ ನೋಡಬ್ಯಾಡ್ರಿ, ಖಾಲಿ ಮನಿ ನೋಡ್ರಿ" ಎನ್ನುತ್ತೀರಿ. ಆಗ ಎಲ್ಲರಿಗೂ ತಿಳಿಯುತ್ತದೆ.

ಮಾರ್ಚ್‌ನಲ್ಲಿ ಶೇಖರನ ಮನೆಗೆ ಹೋಗಿ ಇದ್ದದ್ದನ್ನು ಹೇಳಿದೆ. ಅವನ ಹೆಂಡತಿಯೂ ಅಲ್ಲಿದ್ದಳು. ಅವನು, "ಅರೇ ಆಂಟಿ, ಇಷ್ಟಕ್ಕೇ ಬಂದ್ರಾ? ಛೋಡಿಯೇ ನಾ, ಚಹಾ ಕುಡೀರಿ" ಎಂದ. ಮನೆಗೆ ಬಂದು ಶ್ರೇಯಾಳಿಗೂ ಹೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತದೆ, "ಅಜ್ಜೀ, ನಮ್ಗೆಲ್ಲ ಮೊದ್ಲೇ ಗೊತ್ತಿತ್ತು. ನೀಲಾ ಆಂಟಿ ಬೋಲ್ತೀ ಥೀ, ಅವ್ರು ಹೇಳಿದಲ್ಲಿ ನೀನು ಇಡ್ತಿದ್ದಿ" ಎಂದಳು.

ಮಕ್ಕಳಿಗೆ ಗೊತ್ತಿದ್ದನ್ನು ಮುಚ್ಚಿಡಲು ನಾನು ನಿಮ್ಮನ್ನು ಕಳೆದುಕೊಂಡೆ.

ಕೆಲಸಕ್ಕೆ ಬನ್ನಿ ಎಂದು ಇನ್ನು ಕರೆಯುವುದಿಲ್ಲ. ಕ್ಷಮೆ ಕೇಳುತ್ತೇನೆ. ಕೊಡಲೇಬೇಕೆಂದಿಲ್ಲ.

ಶೀಲಾವತಿ


ಕಾಂದಿವಲಿ ಪೂರ್ವ
12 ಮೇ 2024

ಶೀಲಾವತಿ ಅಕ್ಕನವರಿಗೆ ನಮಸ್ಕಾರ.

ಈ ಸಲ ನೀವು "ನೀವು" ಎಂದು ಬರೆದಿದ್ದೀರಿ. ಅದು ದೂರ ಮಾಡುವ ನೀವೋ, ಹತ್ತಿರ ಕರೆಯುವ ನೀವೋ ನನಗೆ ತಿಳಿಯಲಿಲ್ಲ. ಎರಡು ಸಲ ಓದಿದೆ. ಮನೆಯವರಿಗೂ ಓದಿ ಹೇಳಿದೆ. ಹೋಟೆಲಿನ ಭಾಗ ಬಂದಾಗ ಅವರು "ಪಾಪ" ಅಂದರು. ನಿಮಗೆ ಅಂದರೋ ನನಗೆ ಅಂದರೋ ಕೇಳಲಿಲ್ಲ.

ನಾನು ಏನು ಹೇಳಲಿ? ಸಿಟ್ಟು ಹೋಗಿಲ್ಲ. ಮೊದಲಿನಷ್ಟು ಇಲ್ಲ. ಪತ್ರಿಕೆಯವರು ಬಂದ ದಿನ ನಿಮಗೆ ಹೇಗಾಯಿತೆಂದು ನೀವು ಬರೆಯಲಿಲ್ಲ. ಬರೆಯದಿದ್ದರೂ ನನಗೆ ಗೊತ್ತಾಯಿತು.

ನನ್ನ ಸಮಾಚಾರ. ಇಲ್ಲೇ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕ್ಯಾಂಟೀನಿನಲ್ಲಿ ಸೇರಿದ್ದೇನೆ. ನಾಲ್ಕು ಮನೆ ತಿರುಗುವುದು ತಪ್ಪಿತು. ಐದು ಗಂಟೆಗೆ ಮನೆಯಲ್ಲಿರುತ್ತೇನೆ. ನಾವಿರುವ ಚಾಳಿನ ವಠಾರದಲ್ಲಿ ಈಗ ನಾವು ಆರು ಮಂದಿ ಹೆಂಗಸರು ಜೋಡಿ ಚೆಸ್ ಆಡುತ್ತೇವೆ. ಒಂದು ಬೋರ್ಡು ಅಂಗಡಿಯದು. ಎರಡನೆಯದನ್ನು ನಮ್ಮ ಮನೆಯವರು ಮಾಡಿದರು. ಗೌಂಡಿ ಕೆಲಸದವರಲ್ಲವೇ, ಉಳಿದ ಟೈಲ್ಸ್ ಚೂರುಗಳನ್ನು ಕರಿದು ಬಿಳಿದು ಆರಿಸಿ, ಕತ್ತರಿಸಿ ಪ್ಲೈವುಡ್ಡಿನ ಮೇಲೆ ಕೂರಿಸಿದ್ದಾರೆ. ಎತ್ತಲು ಇಬ್ಬರು ಬೇಕು! ಪಕ್ಕದ ಖೋಲಿಯ ಇಂದ್ರಾಬಾಯಿ ನನ್ನ ಜೋಡಿ. ಔಷಧಿ ಡಬ್ಬಿ ಪ್ಯಾಕ್ ಮಾಡುವ ಕೆಲಸ ಅವಳದು. ಕೈ ಬಹಳ ಚುರುಕು, ಮನಸ್ಸು ಅಂಜುಬುರುಕ. ಒಂದು ಪ್ಯಾದೆ ಹೋದರೂ ನನ್ನ ಮುಖ ನೋಡುತ್ತಾಳೆ.

ಅವಳಿಗೆ ಕಲಿಸುವಾಗ ನನಗೂ ಒಂದು ತಿಳಿಯಿತು. ನಮ್ಮ ರಾಜನಿಗೆ ಕುತ್ತು ಬಂದಾಗ ಕೂಡಲೇ ಏನಾದರೂ ನಡೆಸಬೇಕೆಂದು ಕೈ ತುರಿಸುತ್ತದೆ. ನಡೆಸಬಾರದು. ಗಡಿಯಾರದಲ್ಲಿ ಹೊತ್ತು ಇರುವವರೆಗೆ ಸುಮ್ಮನೆ ಕುಳಿತಿರಬೇಕು. ಪಕ್ಕದ ಬೋರ್ಡಿನಿಂದ ಏನೋ ಒಂದು ಬರುತ್ತದೆ. ಹಾಗೆ ಕುಳಿತಿರುವುದೇ ಎಲ್ಲಕ್ಕಿಂತ ಕಷ್ಟ. ಪಕ್ಕದವರ ಮೇಲೆ ನಂಬಿಕೆ ಇಲ್ಲದಿದ್ದರೆ ಒಂದು ನಿಮಿಷವೂ ಆಗುವುದಿಲ್ಲ.

ಜೂನ್ ಒಂಬತ್ತು, ಭಾನುವಾರ, ಬೈಕುಲ್ಲಾದಲ್ಲಿ ಕನ್ನಡ ಸಂಘದವರು ಜೋಡಿ ಚೆಸ್ ಇಟ್ಟಿದ್ದಾರೆ. ಯಾರು ಬೇಕಾದರೂ ಆಡಬಹುದು. ನಾನೂ ಇಂದ್ರಾಬಾಯಿಯೂ ಹೆಸರು ಕೊಟ್ಟಿದ್ದೇವೆ. ನೀವೂ ಕೊಡಿ. ಜೊತೆಗೆ ಶ್ರೇಯಾಳನ್ನು ಕರೆದುಕೊಳ್ಳಿ. ಅವಳಿಗೆ ಅವಸರ ಜಾಸ್ತಿ, ಅಷ್ಟನ್ನು ನೋಡಿಕೊಳ್ಳಿ.

ನೀಲಾಬಾಯಿ


ಮಲಾಡ್ ಪಶ್ಚಿಮ
12 ಜೂನ್ 2024

ನೀಲಾಬಾಯಿಯವರಿಗೆ,

ಭಾನುವಾರ ಸಂಘದ ಹಾಲ್‌ನಲ್ಲಿ ನಾವು ಮಾತಾಡಿದ್ದು ಎಷ್ಟು? "ಅರಾಮ ಅದೀರಿ?" ಎಂದಿರಿ, "ಹೌದು, ನೀವು?" ಎಂದೆ. ಅಷ್ಟರಲ್ಲಿ ಹೆಸರು ಕೂಗಿದರು. ಹೇಳಬೇಕಾದದ್ದು ಉಳಿದುಹೋಯಿತು, ಅದಕ್ಕೆ ಈ ಕಾಗದ.

ದಾದರ್‌ನಲ್ಲಿ ಇಳಿದು ಸೆಂಟ್ರಲ್ ಲೈನ್ ಹಿಡಿದು ಬೈಕುಲ್ಲಾಕ್ಕೆ ಬರುವಷ್ಟರಲ್ಲೇ ವಾಪಸು ಹೋಗೋಣವೇ ಎಂದು ಶ್ರೇಯಾಳನ್ನು ಎರಡು ಸಲ ಕೇಳಿದ್ದೆ. ಮೂರನೇ ಸ್ಥಾನಕ್ಕೆ ನಾವೇ ನಾಲ್ವರು ಎದುರುಬದುರಾಗುತ್ತೇವೆಂದು ಯಾರು ಎಣಿಸಿದ್ದರು? ನನ್ನೆದುರು ನೀವು, ಶ್ರೇಯಾಳೆದುರು ಇಂದ್ರಾಬಾಯಿ. ನಿಮ್ಮ ಪಕ್ಕ ಕುಳಿತು ಅಭ್ಯಾಸವಾದವಳಿಗೆ ನಿಮ್ಮ ಮುಖವನ್ನು ಎದುರಿನಿಂದ ನೋಡಿದ್ದು ಅದೇ ಮೊದಲು.

ನಾನು ಚೆನ್ನಾಗಿ ಆಡಿದೆ, ಅಲ್ಲವೇ? ನನ್ನ ರಾಣಿಯೂ ಒಂಟೆಯೂ ಒಂದೇ ಓರೆಸಾಲಿನಲ್ಲಿ ನಿಮ್ಮ ರಾಜನ ಮುಂದಿನ ಮನೆಗೆ ಗುರಿಯಿಟ್ಟು ನಿಂತಿದ್ದವು. ಇನ್ನೊಂದೇ ಚಾಲ್. ಸರದಿ ನಿಮ್ಮದು, ನಿಮ್ಮ ಕೈಯಲ್ಲಿದ್ದದ್ದು ಒಂದೇ ಒಂದು ಕುದುರೆ, ಅದರಿಂದ ಆ ದಾರಿ ಮುಚ್ಚಿದರೂ ಉಪಯೋಗವಿಲ್ಲ. ನನ್ನ ಪ್ಯಾದೆ ಅದನ್ನು ಹೊಡೆದು ಶ್ರೇಯಾಳಿಗೆ ಕೊಡಲು ಕಾದಿತ್ತು. ಗೆದ್ದೆ ಎಂದುಕೊಂಡೆ.

ನೀವು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟಿರಿ. ಗಡಿಯಾರ ಓಡುತ್ತಿತ್ತು. ಎರಡು ನಿಮಿಷ ಇದ್ದದ್ದು ಒಂದೂವರೆಯಾಯಿತು, ಒಂದಾಯಿತು. ಆಗ ನಿಮ್ಮ ಕಾಗದ ನೆನಪಾಗಿ ಶ್ರೇಯಾಳ ಗಡಿಯಾರ ನೋಡಿದೆ. ಅಲ್ಲಿ ಸರದಿ ಅವಳದು, ಮೂರು ನಿಮಿಷವೂ ಇತ್ತು. ಅವಳೂ ನಡೆಸದೆ ಕುಳಿತರೆ ಇಂದ್ರಾಬಾಯಿಗೆ ಏನನ್ನೂ ಹೊಡೆಯಲಾಗದು, ನಿಮ್ಮ ಹೊತ್ತು ಮುಗಿದು ನೀವು ಸೋಲುತ್ತೀರಿ. "ಶ್ರೇಯಾ, ತಡಿ! ನಡೆಸಬೇಡ" ಎಂದೆ. ಅದೇ ಹೊತ್ತಿಗೆ ಅವಳ ಕೈ ಒಂಟೆಯೊಂದನ್ನು ಹೊಡೆದು ನನ್ನ ಕಡೆ ಚಾಚಿತ್ತು. "ಅಜ್ಜೀ, ಲೋ, ಬಿಷಪ್!" ಎಂದು ಎಷ್ಟು ಖುಷಿಯಿಂದ ಕೊಟ್ಟಳು! ಬೈಯಲು ಮನಸ್ಸಾಗಲಿಲ್ಲ.

ಈಗ ಇಂದ್ರಾಬಾಯಿಯ ಸರದಿ. ಅವರು ನಿಮ್ಮನ್ನು ನೋಡಿದರು. ಬೇರೆ ಯಾರಾದರೂ ಆ ಹೊತ್ತಿನಲ್ಲಿ ಇದನ್ನು ಹೊಡಿ, ಅದನ್ನು ಕೊಡು ಎಂದು ಕೂಗುತ್ತಿದ್ದರು. ನೀವು ಗಡಿಯಾರವನ್ನೂ ನೋಡದೆ, "ಗಾಬರಿ ಆಗಬ್ಯಾಡ ಇಂದ್ರಾ. ನಿನಗ ಯಾವುದು ಸಲೀಸ ಸಿಗ್ತದ ಅದನ್ನ ಕೊಡು. ನಾ ಕುಂತೀನಿ" ಎಂದಿರಿ. ಅವರು ಒಂದು ಪ್ಯಾದೆ ಹೊಡೆದರು. ಬರೀ ಪ್ಯಾದೆ. ನೀವು ಅದನ್ನು ನನ್ನ ರಾಣಿಯ ದಾರಿಗೆ ಅಡ್ಡ ಇಟ್ಟಿರಿ. ಹಿಂದಿನಿಂದ ಇನ್ನೊಂದು ಪ್ಯಾದೆಯ ಕಾವಲೂ ಅದಕ್ಕಿತ್ತು. ನನ್ನ ಪ್ಯಾದೆಯಿಂದ ಹೊಡೆದರೆ ಆ ಕಾವಲಿನ ಪ್ಯಾದೆ ತಿರುಗಿ ಹೊಡೆದು ನನ್ನ ದಾರಿಯನ್ನೇ ಮುಚ್ಚುತ್ತಿತ್ತು. ಆಮೇಲೆ ಐದು ಚಾಲ್‌ಗಳಲ್ಲಿ ನಿಮ್ಮ ಆ ಕುದುರೆ ನನ್ನ ರಾಜನನ್ನು ಮುಗಿಸಿತು.

ಬಹುಮಾನ ಕೊಡುವಾಗ ಸಂಘದವರು ಮೈಕು ಹಿಡಿದು, "ಸೋಲುವ ಆಟ ಗೆದ್ರಲ್ಲ, ಆ ಪ್ಯಾದೆಯ ಚಾಲ್ ಹೇಗೆ ಹೊಳೀತು?" ಎಂದು ನಿಮ್ಮನ್ನು ಕೇಳಿದರು. ನೀವು ಮೈಕನ್ನು ಇಂದ್ರಾಬಾಯಿಯ ಕಡೆ ತಿರುಗಿಸಿ, "ಪ್ಯಾದೆ ಕೊಟ್ಟಾಕಿ ಈಕಿರಿ, ಈಕೀನ ಕೇಳ್ರಿ" ಎಂದಿರಿ. ಇಂದ್ರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಮೈಕಿನಲ್ಲಿ ಆ ನಗುವೇ ಕೇಳಿಸಿತು.

ನಾನು ಆಗ ಎದ್ದು ನಿಂತಿದ್ದೆ. ನನಗೆ ಆಟ ಕಲಿಸಿದವರು ಇವರು ಎಂದು ಎಲ್ಲರೆದುರು ಹೇಳಬೇಕೆಂದು ಮನೆಯಿಂದಲೇ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಎರಡು ಹೆಜ್ಜೆ ಮುಂದೆಯೂ ಹೋದೆ. ನಿಮ್ಮ ಚಾಳಿನ ಹೆಂಗಸರು ವೇದಿಕೆಯ ಸುತ್ತ ನೆರೆದು ಶಿಳ್ಳೆ ಹಾಕುತ್ತಿದ್ದರು. ನಾನು ಈಗ ಮೈಕು ಹಿಡಿದರೆ ಜನ ನನ್ನ ದೊಡ್ಡ ಮನಸ್ಸಿಗೆ ಚಪ್ಪಾಳೆ ತಟ್ಟುತ್ತಾರೆ ಎನ್ನಿಸಿತು. ಕುಳಿತುಕೊಂಡೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಇವತ್ತಿಗೂ ಗೊತ್ತಿಲ್ಲ.

ಸೋತದ್ದಕ್ಕೆ ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ರೈಲಿನಲ್ಲಿ ಅಂಧೇರಿಯವರೆಗೂ ಆ ಆಟವನ್ನೇ ತಲೆಯಲ್ಲಿ ಮತ್ತೆ ಆಡುತ್ತಿದ್ದೆ. ಆಮೇಲೆ ಶ್ರೇಯಾ, "ಅಜ್ಜೀ, ಸಾರಿ, ನಾನು ವೇಟ್ ಮಾಡ್ಬೇಕಿತ್ತು" ಎಂದಳು. ಮುಂದಿನ ಸಲ ಕಾಯೋಣ ಎಂದೆ.

ಒಂದು ಮಾತು ಕೇಳಲೇ? ಯಾವುದಾದರೂ ಭಾನುವಾರ ಚಾಳಿನಲ್ಲಿ ನೀವು ಆಡುವಲ್ಲಿಗೆ ನಾನೊಮ್ಮೆ ಬರಬಹುದೇ? ನನಗೆ ಆಟ ಬೇಕಾಗಿದೆ. ನೀವು ಬೇಕಾಗಿದ್ದೀರಿ ಎಂದು ಬರೆಯಲು ನನಗಿನ್ನೂ ಹಕ್ಕಿಲ್ಲ.

ಶೀಲಾವತಿ


ಕಾಂದಿವಲಿ ಪೂರ್ವ
20 ಜೂನ್ 2024

ಶೀಲಕ್ಕ,

ನೀವು ಎದ್ದು ನಿಂತದ್ದು ನೋಡಿದ್ದೆ. ಕುಳಿತದ್ದೂ ನೋಡಿದೆ. ಕುಳಿತದ್ದು ಒಳ್ಳೆಯದಾಯಿತು. ಇಂದ್ರಾಬಾಯಿ ಹಾಗೆ ನಕ್ಕದ್ದನ್ನು ಹನ್ನೊಂದು ವರ್ಷದ ನೆರೆಹೊರೆಯಲ್ಲಿ ನಾನು ನೋಡಿರಲಿಲ್ಲ.

ಬನ್ನಿ. ಮೂವತ್ತನೇ ತಾರೀಕು ಭಾನುವಾರ, ನಾಲ್ಕು ಗಂಟೆಗೆ.

ಮೊದಲೇ ಹೇಳಿಬಿಡುತ್ತೇನೆ, ನಾನು ನಿಮ್ಮ ಜೋಡಿಯಾಗಿ ಕುಳಿತುಕೊಳ್ಳುವುದಿಲ್ಲ. ನನ್ನ ಜೋಡಿ ಇಂದ್ರಾಬಾಯಿ. ಅವಳನ್ನು ಎಬ್ಬಿಸಿ ನಿಮ್ಮನ್ನು ಕೂರಿಸಲು ನನ್ನಿಂದಾಗದು. ಕೊನೆಯ ಖೋಲಿಯಲ್ಲಿ ನಾಗರತ್ನಾ ಎಂಬವಳಿದ್ದಾಳೆ. ಹೊಸದಾಗಿ ಕಲಿಯುತ್ತಿದ್ದಾಳೆ. ಸಿಟ್ಟಿನ ಸ್ವಭಾವ. ಸೋತರೆ ಕಾಯಿಗಳನ್ನು ಬೋರ್ಡಿನಿಂದ ಕೆಳಗೆ ತಳ್ಳಿ ಎದ್ದು ಹೋಗುತ್ತಾಳೆ. ಅವಳ ಪಕ್ಕ ಕೂರಲು ಯಾರೂ ಒಪ್ಪುವುದಿಲ್ಲ. ಆದರೆ ಅವಳಿಗೆ ಆಟ ಕಾಣುತ್ತದೆ, ನನಗಿಂತ ದೂರ ಕಾಣುತ್ತದೆ. ನೀವು ಅವಳ ಜೋಡಿಯಾಗಬೇಕು. ಅವಳು ಕೇಳಿದ್ದನ್ನು ಕೊಡಿ, ಬೈದರೆ ಬೈಸಿಕೊಳ್ಳಿ. ಎದುರಿಗೆ ನಾನಿರುತ್ತೇನೆ. ಬಿಟ್ಟುಕೊಟ್ಟು ಆಡುವವಳಲ್ಲ, ನಿಮಗೆ ಗೊತ್ತಿದೆ.

ಸ್ಟೇಷನ್ನಿನ ಪೂರ್ವದ ಬದಿಗೆ ಇಳಿಯಿರಿ. ಆಟೋದವರು ಹತ್ತಿರವೆಂದು ಬರುವುದಿಲ್ಲ, ನಡೆದರೆ ಹದಿನೈದು ನಿಮಿಷ. ಮಳೆಗೆ ರಸ್ತೆ ಅಗೆದು ಹಾಗೇ ಬಿಟ್ಟಿದ್ದಾರೆ, ಹೊಸ ಚಪ್ಪಲಿ ಬೇಡ. ಹಿಟ್ಟಿನ ಗಿರಣಿ ದಾಟಿದ ಮೇಲೆ ಎಡಕ್ಕೆ ಒಂದು ಗಲ್ಲಿ. ಅಲ್ಲಿಂದ ಮುಂದೆ ಗುರುತು ಹೇಳುವುದು ಕಷ್ಟ, ಎಲ್ಲ ಬಾಗಿಲೂ ಒಂದೇ ತರಹ.

ಗಲ್ಲಿಯ ಬಾಯಲ್ಲಿ ನಾನು ನಿಂತಿರುತ್ತೇನೆ.

ನೀಲಾ